ಎಲ್ಲ ಬೇಟೆಗೂ ಒಂದೇ ತೋಟಾ

ಜೀವಮಾನವಿಡೀ ಒಂದೇ ರೈಫಲ್ ಇಟ್ಟುಕೊಳ್ಳುವುದಾದರೆ ಅದು ಯಾವ ತೋಟಾದ್ದಾಗಿರಬೇಕು? ಅಮೆರಿಕದ ನಾಲ್ವರು ಬೇಟೆಗಾರರ ನಡುವೆ ಈ ಪ್ರಶ್ನೆ ಹಾಕಿದರೆ ಬೆಳಗಾದರೂ ವಾದ ಮುಗಿಯುವುದಿಲ್ಲ. ವಯೋಮಿಂಗ್‌ನ ಬಯಲಿನಲ್ಲಿ ಓಡುವ ಐವತ್ತು ಕಿಲೋ ತೂಕದ, ಜಿಂಕೆಯಂಥ ಪ್ರಾಂಗ್‌ಹಾರ್ನ್‌ಗೂ ಅದು ಒದಗಬೇಕು, ಅಲಾಸ್ಕದ ಜೌಗಿನಲ್ಲಿ ನಿಂತ ಐನೂರು ಕಿಲೋ ಮೀರಿದ ಮೂಸ್ ಎಂಬ ದೈತ್ಯ ಜಿಂಕೆಗೂ ಸಾಲಬೇಕು. ಎಷ್ಟೋ ಹೊಸ ತೋಟಾಗಳು ಅಬ್ಬರದಿಂದ ಬಂದು ಸದ್ದಿಲ್ಲದೆ ಹೋಗಿವೆ. 1906ರಲ್ಲಿ ಸೈನ್ಯಕ್ಕಾಗಿ ಹುಟ್ಟಿದ ಒಂದು ತೋಟಾ ಮಾತ್ರ ಈ ವಾದದಿಂದ ಇಂದಿಗೂ ಹೊರಬಿದ್ದಿಲ್ಲ. ಅದು .30-06 ಸ್ಪ್ರಿಂಗ್‌ಫೀಲ್ಡ್. ಬೇಟೆಗಾರರ ಬಾಯಲ್ಲಿ ‘ಥರ್ಟಿ ಆಟ್ ಸಿಕ್ಸ್’. ಮೊದಲ ಸಂಖ್ಯೆ ನಳಿಗೆಯ ಒಳವ್ಯಾಸವನ್ನು ಇಂಚಿನಲ್ಲಿ ಹೇಳುತ್ತದೆ, ಎರಡನೆಯದು ಹುಟ್ಟಿದ ವರ್ಷವನ್ನು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಶಿಕಾರಿಯ ಕಾಲ ಮುಗಿಯಿತು. ಅದು ಮುಗಿದದ್ದು ಒಳ್ಳೆಯದೇ ಆಯಿತು ಎನ್ನುವವನು ನಾನು. ಆದರೂ ಈ ತೋಟಾದ ಮೇಲಿನ ಮೋಹವನ್ನು ಬಿಡಿಸಿ ನೋಡುವುದು ಸ್ವಾರಸ್ಯದ ಕೆಲಸ. ಅದರಲ್ಲಿ ಒಳ್ಳೆಯ ಭೌತವಿಜ್ಞಾನವಿದೆ, ಇತಿಹಾಸದ ಆಕಸ್ಮಿಕವಿದೆ, ಸಾಕಷ್ಟು ಮೂಢನಂಬಿಕೆಯೂ ಇದೆ.

ತೋಟಾ ಎಂದರೆ ಬರೀ ಗುಂಡಲ್ಲ. ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಿಗೆ ಬಿಗಿದ ಗುಂಡು, ಇಷ್ಟೂ ಸೇರಿದರೆ ತೋಟಾ. .30-06ರ ಕೊಳವೆ 63 ಮಿಲಿಮೀಟರ್ ಉದ್ದವಿದೆ.

ಇದರ ಹುಟ್ಟಿನ ಹಿಂದೆ ಒಂದು ಮುಖಭಂಗವಿದೆ. 1898ರ ಜುಲೈ 1ರಂದು ಅಮೆರಿಕನ್ನರು ಕ್ಯೂಬಾದ ಸಾನ್ ಹುವಾನ್ ಗುಡ್ಡಗಳನ್ನು ಗೆದ್ದರು. ಆದರೆ ಎದುರಿಗಿದ್ದ ಸ್ಪೇನಿನ ಸೈನಿಕರು ಸಂಖ್ಯೆಯಲ್ಲಿ ಎಷ್ಟೋ ಕಡಿಮೆಯಿದ್ದರೂ ಅಮೆರಿಕನ್ನರ ಕಡೆ ಭಾರಿ ಸಾವುನೋವಾಯಿತು. ಸ್ಪೇನಿನವರ ಕೈಯಲ್ಲಿದ್ದದ್ದು ಜರ್ಮನಿಯ 7 ಮಿಲಿಮೀಟರ್ ಮೌಸರ್ ರೈಫಲ್. ಅದಕ್ಕೆ ಐದು ತೋಟಾಗಳನ್ನು ಒಂದೇ ತಳ್ಳಿಗೆ ತುಂಬಬಹುದಿತ್ತು. ಅಮೆರಿಕದ ಕ್ರಾಗ್ ರೈಫಲ್‌ಗೆ ಒಂದೊಂದಾಗಿ ಹಾಕಬೇಕಿತ್ತು. ಗುಂಡಿನ ವೇಗದಲ್ಲೂ ಮೌಸರ್‌ದೇ ಮೇಲುಗೈ. ಪಾಠ ಕಲಿತ ಅಮೆರಿಕ 1903ರಲ್ಲಿ ಮೌಸರ್ ವಿನ್ಯಾಸವನ್ನೇ ಬಹುಪಾಲು ಅನುಸರಿಸಿ ಸ್ಪ್ರಿಂಗ್‌ಫೀಲ್ಡ್ ರೈಫಲ್ ಮಾಡಿತು, ಆಮೇಲೆ ಅದಕ್ಕಾಗಿ ಮೌಸರ್ ಕಂಪನಿಗೆ 2 ಲಕ್ಷ ಡಾಲರ್ ತೆತ್ತಿತು. ಆ ರೈಫಲ್‌ನ ಮೊದಲ ತೋಟಾದಲ್ಲಿ 220 ಗ್ರೇನ್, ಅಂದರೆ 14 ಗ್ರಾಂಗೆ ತುಸು ಮೇಲ್ಪಟ್ಟ ಮೊಂಡುಮೂತಿಯ ಗುಂಡಿತ್ತು. ಅಷ್ಟರಲ್ಲಿ ಜರ್ಮನಿ ಚೂಪುಮೂತಿಯ ಹಗುರ ಗುಂಡಿಗೆ ಬದಲಾಯಿಸಿಕೊಂಡಿತು. ಅಮೆರಿಕ ಮತ್ತೆ ಅವಸರವಸರವಾಗಿ ತೋಟಾವನ್ನು ತಿದ್ದಿ, 150 ಗ್ರೇನ್‌ನ ಚೂಪು ಗುಂಡು ಹಾಕಿತು. ಸೆಕೆಂಡಿಗೆ ಸುಮಾರು 820 ಮೀಟರ್ ವೇಗದ ಆ ತೋಟಾವೇ .30-06.

ಅಂದ ಹಾಗೆ, ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕಾಗಿ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಉಡುಗೊರೆಯಾಗಿ ಬಂದ .275 ರಿಗ್ಬಿ ರೈಫಲ್ ಹಾರಿಸುತ್ತಿದ್ದದ್ದೂ ಅದೇ 7 ಮಿಲಿಮೀಟರ್ ಮೌಸರ್ ತೋಟಾವನ್ನು. ಇಂಗ್ಲಿಷರು ಅದಕ್ಕೆ ತಮ್ಮದೊಂದು ಹೆಸರಿಟ್ಟುಕೊಂಡಿದ್ದರು, ಅಷ್ಟೇ.

ಸೈನ್ಯದ ತೋಟಾ ಬೇಟೆಗಾರರ ಕೈಸೇರಲು ತಡವಾಗಲಿಲ್ಲ. 1909ರಲ್ಲಿ ಆಫ್ರಿಕಕ್ಕೆ ಹೊರಟ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ತನ್ನ ಅಳತೆಗೆ ಹಿಡಿ ಕೂರಿಸಿದ ಒಂದು ಸ್ಪ್ರಿಂಗ್‌ಫೀಲ್ಡನ್ನು ಜೊತೆಗೆ ಒಯ್ದ. ಸಿಂಹಗಳಿಗೆಂದು ಅವನು ಮೆಚ್ಚಿಕೊಂಡದ್ದು ಮಾತ್ರ .405 ವಿಂಚೆಸ್ಟರ್. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಮೈಸೂರು, ಸೇಲಂ ಕಾಡುಗಳಲ್ಲಿ ಹೊತ್ತು ತಿರುಗಿದ ಕೋವಿಯೂ ಅದೇ. ಆ .405 ಕಾಲಕ್ರಮದಲ್ಲಿ ಮೂಲೆಗೆ ಸರಿಯಿತು. .30-06 ಉಳಿಯಿತು. ಕಾರಣ ಸರಳ. ಎರಡು ಮಹಾಯುದ್ಧಗಳಲ್ಲಿ ಅಮೆರಿಕದ ಲಕ್ಷಾಂತರ ತರುಣರು ಗುರಿಯಿಡಲು ಕಲಿತದ್ದು ಇದರಲ್ಲೇ. ಯುದ್ಧ ಮುಗಿದ ಮೇಲೆ ಹೆಚ್ಚುವರಿ ರೈಫಲ್, ತೋಟಾಗಳು ಅಗ್ಗದಲ್ಲಿ ಸಿಕ್ಕವು. ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುವ ತೋಟಾದ ಮುಂದೆ, ಎಷ್ಟೇ ಶ್ರೇಷ್ಠವಾದರೂ ಸಿಗದ ತೋಟಾ ನಿಲ್ಲುವುದಿಲ್ಲ. ಈ ಪ್ರೀತಿಯಲ್ಲಿ ಅರ್ಧ ಪಾಲು ಅಂಗಡಿಯ ಕಪಾಟಿಗೆ ಸಲ್ಲಬೇಕು ಎಂದು ನಾನು ಹೇಳಿದರೆ ಅಭಿಮಾನಿಗಳು ಸಿಟ್ಟಾಗಬಹುದು.

ಉಳಿದರ್ಧ ಭೌತವಿಜ್ಞಾನದ್ದು. ಇಂದಿನ ಮದ್ದು ತುಂಬಿದ ಇದೇ ತೋಟಾದಲ್ಲಿ ಮೂರು ಬೇರೆ ಬೇರೆ ಗುಂಡುಗಳನ್ನು ಹಾಕಿ ನೋಡೋಣ. 150 ಗ್ರೇನ್‌ನ ಗುಂಡು (9.7 ಗ್ರಾಂ) ನಳಿಗೆಯ ಬಾಯಿಂದ ಸೆಕೆಂಡಿಗೆ ಸುಮಾರು 887 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. 180 ಗ್ರೇನ್‌ನದು (11.7 ಗ್ರಾಂ) ಸುಮಾರು 823 ಮೀಟರ್ ವೇಗದಲ್ಲಿ, 220 ಗ್ರೇನ್‌ನದು (14.3 ಗ್ರಾಂ) ಸುಮಾರು 735 ಮೀಟರ್ ವೇಗದಲ್ಲಿ. ಮೂರರ ಚಲನಶಕ್ತಿಯನ್ನು ಲೆಕ್ಕಹಾಕಿದರೆ ಬರುವ ಉತ್ತರಗಳು 3,820, 3,950 ಮತ್ತು 3,850 ಜೂಲ್. ಅಂದರೆ ಹೆಚ್ಚುಕಡಿಮೆ ಒಂದೇ!

ಇದರಲ್ಲಿ ಮಾಯೆಯೇನೂ ಇಲ್ಲ. ಕೊಳವೆಯಲ್ಲಿ ಹಿಡಿಸುವ ಮದ್ದು ಮೂರೂವರೆ ಗ್ರಾಂನಷ್ಟು. ಅದು ಉರಿದಾಗ ಒತ್ತಡ ವಾತಾವರಣದ ಒತ್ತಡದ 4,000 ಪಟ್ಟಿನಷ್ಟು ಏರುತ್ತದೆ. ಅದಕ್ಕಿಂತ ಹೆಚ್ಚು ಏರಲು ಬಿಡುವಂತಿಲ್ಲ, ಉಕ್ಕು ಮತ್ತು ಹಿತ್ತಾಳೆ ತಡೆಯುವುದು ಅಷ್ಟನ್ನೇ. ಗುಂಡು ನಳಿಗೆಯೊಳಗಿರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು. ಮದ್ದಿನ ಶಕ್ತಿಯಲ್ಲಿ ಮೂರನೇ ಒಂದು ಪಾಲೂ ಗುಂಡಿಗೆ ಸಿಗುವುದಿಲ್ಲ, ಉಳಿದದ್ದು ಬಿಸಿ ಅನಿಲವಾಗಿ, ನಳಿಗೆಯ ಕಾವಾಗಿ, ಸದ್ದಾಗಿ ಹೋಗುತ್ತದೆ. ಮದ್ದು ಕೊಡುವ ಶಕ್ತಿ ಇಷ್ಟೇ ಎಂದಾದ ಮೇಲೆ ಬೇಟೆಗಾರನ ಮುಂದೆ ಉಳಿಯುವ ಆಯ್ಕೆ ಅದನ್ನು ಹೇಗೆ ಖರ್ಚು ಮಾಡಬೇಕೆಂಬುದು ಮಾತ್ರ. ಹಗುರ ಗುಂಡು ಹಾಕಿದರೆ ವೇಗ ಹೆಚ್ಚು. ಬೇಗ ತಲುಪುತ್ತದೆ, ದಾರಿಯಲ್ಲಿ ಕಡಿಮೆ ಬಾಗುತ್ತದೆ. ಭಾರದ ಗುಂಡು ಹಾಕಿದರೆ ಸಂವೇಗ ಹೆಚ್ಚು. 150ರಿಂದ 220 ಗ್ರೇನ್‌ಗೆ ಹೋದರೆ ಸಂವೇಗ ಶೇ. 20ರಷ್ಟು ಏರುತ್ತದೆ. ಅಗಲ ಅಷ್ಟೇ ಇದ್ದು ತೂಕ ಹೆಚ್ಚಿದ ಗುಂಡು ಮಾಂಸ, ಮೂಳೆಗಳನ್ನು ದಾಟಿ ಇನ್ನೂ ಆಳಕ್ಕೆ ಹೋಗುತ್ತದೆ. ಪ್ರಾಂಗ್‌ಹಾರ್ನ್‌ಗೆ ಮೊದಲನೆಯದು, ದಟ್ಟ ಪೊದೆಯಲ್ಲಿ ಹತ್ತಿರದಿಂದ ಎದುರಾಗುವ ಕರಡಿಗೆ ಕೊನೆಯದು. ಕೋವಿ ಒಂದೇ. ಮಲೆನಾಡಿನ ಮನೆಯ ಕತ್ತಿಯಂತೆ: ಸೌದೆ ಸೀಳುವುದಕ್ಕೂ ಅದೇ, ಬೇಲಿಗೂಟ ಚೂಪು ಮಾಡುವುದಕ್ಕೂ ಅದೇ.

ದೂರದ ಲೆಕ್ಕ ಹೀಗಿದೆ. 180 ಗ್ರೇನ್‌ನ ಚೂಪು ಗುಂಡು 200 ಮೀಟರ್ ಹೋಗಲು ಸೆಕೆಂಡಿನ ಕಾಲು ಭಾಗ ಹಿಡಿಯುತ್ತದೆ. ಅಷ್ಟರಲ್ಲಿ ಗುರುತ್ವ ಅದನ್ನು ನಳಿಗೆಯ ನೇರದಿಂದ ಮೂವತ್ತಕ್ಕೂ ಹೆಚ್ಚು ಸೆಂಟಿಮೀಟರ್ ಕೆಳಗೆ ಎಳೆದಿರುತ್ತದೆ. 300 ಮೀಟರ್‌ಗೆ ಈ ಇಳಿತ 80 ಸೆಂಟಿಮೀಟರ್ ಆಸುಪಾಸು, ಶಕ್ತಿಯಲ್ಲಿ ಮೂರನೇ ಒಂದು ಪಾಲು ಗಾಳಿಯ ಪಾಲಾಗಿರುತ್ತದೆ. ಬಹುಪಾಲು ಬೇಟೆ ಇದಕ್ಕಿಂತ ಹತ್ತಿರದಲ್ಲೇ ನಡೆಯುವುದರಿಂದ ಈ ಕೊರತೆಗಳು ಯಾರನ್ನೂ ಹೆಚ್ಚು ಕಾಡುವುದಿಲ್ಲ.

ಇನ್ನು ಮೂಢನಂಬಿಕೆಗೆ ಬರೋಣ. ‘ಈ ತೋಟಾ ಎಲ್ಕ್‌ನಂತಹ ದೊಡ್ಡ ಜಿಂಕೆಯನ್ನೂ ಎತ್ತಿ ಎಸೆಯುತ್ತದೆ’ ಎಂದು ಹೇಳುವವರಿದ್ದಾರೆ. ಸಿನಿಮಾ ನೋಡಿ ಬೆಳೆದವರು ಅದನ್ನು ನಂಬುತ್ತಾರೆ ಕೂಡ. ಲೆಕ್ಕ ಸುಲಭವಿದೆ. 180 ಗ್ರೇನ್ ಗುಂಡಿನ ಸಂವೇಗ 9.6 ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್. ಅಷ್ಟೂ 300 ಕಿಲೋದ ಎಲ್ಕ್‌ಗೆ ವರ್ಗವಾದರೂ ಅದು ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ ಕೇವಲ 3 ಸೆಂಟಿಮೀಟರ್. ಎತ್ತಿ ಎಸೆಯುವಷ್ಟು ಬಲವಿದ್ದಿದ್ದರೆ ನ್ಯೂಟನ್ನನ ಮೂರನೇ ನಿಯಮದ ಪ್ರಕಾರ ಗುಂಡು ಹೊಡೆದವನೇ ಮೊದಲು ಹಾರಿಬೀಳಬೇಕಿತ್ತು. ಪ್ರಾಣಿ ಸಾಯುವುದು ಗುಂಡಿನ ತಳ್ಳಿಕೆಯಿಂದಲ್ಲ. ಶ್ವಾಸಕೋಶ, ಹೃದಯಗಳಲ್ಲಿ ತೂತು ಬಿದ್ದು ರಕ್ತದ ಒತ್ತಡ ಕುಸಿಯುತ್ತದೆ, ಮಿದುಳಿಗೆ ಆಮ್ಲಜನಕ ನಿಲ್ಲುತ್ತದೆ. ಅದಕ್ಕೆ ಕೆಲವು ಸೆಕೆಂಡುಗಳು ಬೇಕು. ಸರಿಯಾದ ಜಾಗಕ್ಕೆ ಏಟು ಬಿದ್ದ ಜಿಂಕೆಯೂ ನೂರು ಮೀಟರ್ ಓಡುವುದು ಅದಕ್ಕೇ.

ಹಾಗಾಗಿ ಮುಖ್ಯವಾದದ್ದು ತೂತಿನ ಆಳ, ಅಗಲ ಮತ್ತು ಜಾಗ. ಅಗಲವನ್ನು ನಿರ್ಧರಿಸುವುದು ಗುಂಡಿನ ರಚನೆ. ಬೇಟೆಯ ಗುಂಡಿನ ಮೂತಿಯಲ್ಲಿ ಸೀಸ ತೆರೆದಿರುತ್ತದೆ, ಮೈಗೆ ತಾಮ್ರದ ಕವಚವಿರುತ್ತದೆ. ಹೊಡೆತಕ್ಕೆ ಮೂತಿ ಅರಳಿ ವ್ಯಾಸ ಸುಮಾರು ಇಮ್ಮಡಿಯಾಗುತ್ತದೆ. ಇಂಥ ಗುಂಡಿಗೂ ಕಲ್ಕತ್ತೆಗೂ ನಂಟಿದೆ. 1890ರ ದಶಕದಲ್ಲಿ ಬ್ರಿಟಿಷರು ದಮ್ ದಮ್ ಶಸ್ತ್ರಾಗಾರದಲ್ಲಿ ಅರಳುವ ಗುಂಡುಗಳನ್ನು ತಯಾರಿಸಿದರು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅವನ್ನು ನಿಷೇಧಿಸಿತು. ಬೇಟೆಯಲ್ಲಿ ಮಾತ್ರ ನಿಯಮ ತಲೆಕೆಳಗು. ಅಮೆರಿಕದ ಹಲವು ರಾಜ್ಯಗಳಲ್ಲಿ ದೊಡ್ಡ ಪ್ರಾಣಿಗೆ ಅರಳುವ ಗುಂಡನ್ನೇ ಬಳಸಬೇಕು. ಪೂರ್ತಿ ಕವಚದ ಸೈನ್ಯದ ಗುಂಡು ಸಣ್ಣ ತೂತು ಕೊರೆದು ಆಚೆ ಹೋಗಿಬಿಡುತ್ತದೆ, ಪ್ರಾಣಿ ನರಳಿ ನರಳಿ ಸಾಯುತ್ತದೆ.

ಅರಳುವುದರಲ್ಲೂ ಒಂದು ಹದವಿದೆ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಎಂಬಾತ .30-06ಗಿಂತ ಶಕ್ತಿಶಾಲಿಯಾದ .300 ಮ್ಯಾಗ್ನಮ್‌ನಿಂದ ಮೂಸ್‌ಗೆ ಗುಂಡು ಹೊಡೆದ. ಒಣಗಿದ ಕೆಸರು ಮೆತ್ತಿದ ಚರ್ಮಕ್ಕೆ ತಗುಲಿದ ಗುಂಡುಗಳು ಆಳಕ್ಕಿಳಿಯುವ ಮೊದಲೇ ಪುಡಿಯಾದವು. ವೇಗ ಹೆಚ್ಚಾದದ್ದೇ ಮುಳುವಾಯಿತು. ನಾಸ್ಲರ್ ಊರಿಗೆ ಬಂದು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಕಟ್ಟಿದ. ಮುಂಭಾಗದ ಸೀಸ ಅರಳಿದರೂ ಹಿಂಭಾಗ ಹಾಗೇ ಉಳಿದು ಒಳಗೆ ನುಗ್ಗುತ್ತದೆ. .30-06ರ ಹಳೆಯ ಹೆಸರಿಗೆ ಒಂದು ಕಾರಣ ಇಲ್ಲೇ ಸಿಗುತ್ತದೆ. ಅದರ ವೇಗ ಸಾಧಾರಣ ಗುಂಡೂ ಪುಡಿಯಾಗದಷ್ಟು ಮಿತದಲ್ಲಿತ್ತು, ಆದರೆ ಅರಳುವಷ್ಟು ಧಾರಾಳವಾಗಿಯೂ ಇತ್ತು.

ಅದಕ್ಕಿಂತ ದೊಡ್ಡ ಕಾರಣ ಹೆಗಲಿನದು. ಕೋವಿ ಒದೆಯುತ್ತದೆ. 3.6 ಕಿಲೋದ ರೈಫಲ್‌ನಲ್ಲಿ .30-06ರ ಒದೆತ ಸುಮಾರು 27 ಜೂಲ್. ಇದು ಸಾಮಾನ್ಯ ಮನುಷ್ಯ ಮುಖ ಕಿವುಚದೆ ತಡೆಯುವ ಮಿತಿಯ ಹತ್ತಿರ ಹತ್ತಿರ ಇದೆ. ಮ್ಯಾಗ್ನಮ್ ತೋಟಾಗಳು ಆ ಮಿತಿಯನ್ನು ದಾಟುತ್ತವೆ. ಆಗ ಕೋವಿಯ ಕುದುರೆ ಎಳೆಯುವ ಮೊದಲೇ ದೇಹ ಏಟಿಗೆ ಸಿದ್ಧವಾಗುತ್ತದೆ, ಕಣ್ಣು ಮುಚ್ಚುತ್ತದೆ, ಹೆಗಲು ಮುಂದೊತ್ತುತ್ತದೆ, ಗುಂಡು ಎಲ್ಲೋ ಹೋಗುತ್ತದೆ. ಶ್ವಾಸಕೋಶ ತಪ್ಪಿ ಹೊಟ್ಟೆಗೆ ತಗುಲಿದ ಐದು ಸಾವಿರ ಜೂಲ್‌ಗಿಂತ ಗುರಿ ಸೇರಿದ ಮೂರು ಸಾವಿರವೇ ಮೇಲು. ಮ್ಯಾಗ್ನಮ್ ಕೊಂಡು ಹೆಗಲು ಸವರಿಕೊಳ್ಳುವವರಿಗೆ ಇದು ಗೊತ್ತಿಲ್ಲವೆಂದಲ್ಲ, ಒಪ್ಪಿಕೊಳ್ಳಲು ಮನಸ್ಸಿಲ್ಲ.

ಇದೇ ತರ್ಕವನ್ನು ಮುಂದುವರಿಸಿದರೆ ಅದು .30-06ರ ಕಾಲಿಗೇ ಸುತ್ತಿಕೊಳ್ಳುತ್ತದೆ. 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ಇನ್ನೂ ಕಡಿಮೆ ಒದೆಯುತ್ತದೆ, ಅದರ ಸಪೂರ ಗುಂಡು ಗಾಳಿಯನ್ನು ಚೆನ್ನಾಗಿ ಸೀಳುತ್ತದೆ. ಜಿಂಕೆಗಷ್ಟೇ ಹೋಗುವವನಿಗೆ ಅದೇ ಒಳ್ಳೆಯದೆಂದು ಒಪ್ಪದೆ ಗತಿಯಿಲ್ಲ. ಮೂಸ್, ಕರಡಿಗಳ ಮಾತು ಬಂದಾಗಲೇ ಹಳೆಯದರ ಕಡೆ ತಕ್ಕಡಿ ವಾಲುವುದು.

ಈಗ ಎಲ್ಲ ತೋಟಾಗಳಿಗೂ ಎದುರಾಗಿರುವ ಪರೀಕ್ಷೆ ಬೇರೆಯದು. ವೇಗವಾಗಿ ಹೊಡೆದ ಸೀಸದ ಗುಂಡು ಮಾಂಸದೊಳಗೆ ಸಣ್ಣ ಸಣ್ಣ ಚೂರುಗಳಾಗಿ ಹರಡುತ್ತದೆ. ಬೇಟೆಗಾರ ಕಾಡಿನಲ್ಲೇ ಬಿಟ್ಟುಬರುವ ಕರುಳನ್ನು ತಿಂದ ಹದ್ದುಗಳಿಗೆ ಸೀಸದ ವಿಷವೇರುತ್ತದೆ. 1987ರಲ್ಲಿ ಕೇವಲ 27ಕ್ಕೆ ಇಳಿದು ಎಲ್ಲವನ್ನೂ ಹಿಡಿದು ಸಾಕಬೇಕಾಗಿ ಬಂದಿದ್ದ ಕ್ಯಾಲಿಫೋರ್ನಿಯ ಕಾಂಡೋರ್ ಎಂಬ ದೈತ್ಯ ರಣಹದ್ದುಗಳನ್ನು ಮತ್ತೆ ಕಾಡಿಗೆ ಬಿಟ್ಟಾಗ ಅವುಗಳ ಸಾವಿಗೆ ಮುಖ್ಯ ಕಾರಣವಾದದ್ದು ಈ ಸೀಸ. ನಮ್ಮ ರಣಹದ್ದುಗಳಿಗೆ ದನದ ನೋವಿನ ಮದ್ದು ಡೈಕ್ಲೋಫೆನಾಕ್ ಯಮನಾದಂತೆ ಅಲ್ಲಿ ಇದು. 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯದಲ್ಲಿ ವನ್ಯಪ್ರಾಣಿಗಳಿಗೆ ಸೀಸದ ಗುಂಡು ಹೊಡೆಯುವಂತಿಲ್ಲ. ಅದರ ಜಾಗಕ್ಕೆ ಬಂದಿರುವುದು ಇಡಿಯಾಗಿ ತಾಮ್ರದ ಗುಂಡು. ಅದು ದಳಗಳಾಗಿ ಅರಳುತ್ತದೆ, ಚೂರಾಗುವುದು ಕಡಿಮೆ.

ತಾಮ್ರ ಸೀಸಕ್ಕಿಂತ ಹಗುರ. ಸಾಂದ್ರತೆ 11.3ರ ಬದಲು 8.9. ಅಷ್ಟೇ ವ್ಯಾಸದಲ್ಲಿ ಅಷ್ಟೇ ತೂಕ ಬೇಕೆಂದರೆ ಗುಂಡು ಉದ್ದವಾಗಲೇಬೇಕು. ಉದ್ದನೆಯ ಗುಂಡನ್ನು ಗಾಳಿ ಮಗುಚಿಹಾಕಲು ನೋಡುತ್ತದೆ, ಮಗುಚದಂತೆ ಹಿಡಿದಿಡಲು ಅದನ್ನು ಇನ್ನಷ್ಟು ಜೋರಾಗಿ ತಿರುಗಿಸಬೇಕು. ತಿರುಗಿಸುವುದು ನಳಿಗೆಯೊಳಗೆ ಕೊರೆದ ಸುರುಳಿ ತೋಡುಗಳು. ಸ್ಪ್ರಿಂಗ್‌ಫೀಲ್ಡ್ ನಳಿಗೆಯಲ್ಲಿ ಅವು 10 ಇಂಚಿಗೆ ಒಂದು ಸುತ್ತು ಹಾಕುತ್ತವೆ, ಗುಂಡು ಸೆಕೆಂಡಿಗೆ 3,000ಕ್ಕೂ ಹೆಚ್ಚು ಸಲ ತಿರುಗುತ್ತಾ ಹೊರಬರುತ್ತದೆ. 1906ರ 150 ಗ್ರೇನ್‌ನ ಚೂಪು ಗುಂಡಿಗೆ ಇಷ್ಟು ಬಿರುಸಿನ ತಿರುವು ಬೇಕಿರಲಿಲ್ಲ. ಅದು ಹಿಂದಿನ ಉದ್ದನೆಯ 220 ಗ್ರೇನ್ ಗುಂಡಿಗಾಗಿ ಇಟ್ಟ ಅಳತೆ, ಹೊಸ ತೋಟಾ ಬಂದಾಗ ಬದಲಾಯಿಸದೆ ಹಾಗೇ ಬಿಟ್ಟರು. ಇವತ್ತಿನ 180 ಗ್ರೇನ್‌ನ ತಾಮ್ರದ ಗುಂಡನ್ನು ಸ್ಥಿರವಾಗಿ ಹಾರಿಸಲು ಬೇಕಾಗುವುದು ಸರಿಯಾಗಿ ಆ ತಿರುವೇ. ನಳಿಗೆ ಬದಲಾಯಿಸುವ ಅಗತ್ಯವೇ ಬಾರದೆ ಅಜ್ಜನ ಕಾಲದ ಸ್ಪ್ರಿಂಗ್‌ಫೀಲ್ಡ್‌ಗಳೂ ಸೀಸವಿಲ್ಲದ ಗುಂಡು ಹಾರಿಸುತ್ತಿವೆ.