ಹಳೇ ನೋವಿಗೆ ಒಬ್ಬ ಡಾಕ್ಟರು ಸಾಲದು

1994ರಲ್ಲಿ ಅಮೆರಿಕದ ಕೆಲವು ವೈದ್ಯರು ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ಸ್ಕ್ಯಾನ್ ಮಾಡಿ ನೋಡಿದರು. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಬೆನ್ನಿನ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು! ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಸ್ಕ್ಯಾನ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ, ಮನುಷ್ಯ ಮಾತ್ರ ಸೊಂಟ ಹಿಡಿದುಕೊಂಡು ಒದ್ದಾಡುತ್ತಿರುತ್ತಾನೆ. ಅಂಥವರನ್ನು ‘ಏನೂ ಇಲ್ಲ, ಸುಮ್ನೆ ಯೋಚನೆ ಮಾಡಬೇಡಿ’ ಎಂದು ಕಳಿಸಿಬಿಡುವುದು ಅನ್ಯಾಯ. ಆ ನೋವು ಸುಳ್ಳಲ್ಲ. ಮೂರು ತಿಂಗಳು ದಾಟಿದ ನೋವಿನಲ್ಲಿ ಎಷ್ಟೋ ಸಲ ನರಮಂಡಲದ ನಡವಳಿಕೆಯೇ ಬದಲಾಗಿರುತ್ತದೆ. ಪೆಟ್ಟು ಮಾಗಿದ ಮೇಲೂ ಬೆನ್ನುಹುರಿ ಮತ್ತು ಮಿದುಳು ಸಣ್ಣ ಸಂಕೇತವನ್ನೂ ಹಿಗ್ಗಿಸುತ್ತವೆ. ನಿದ್ದೆ ಕೆಟ್ಟರೆ, ಭಯವಿದ್ದರೆ, ಕೆಲಸ ಹೋಗುವ ಚಿಂತೆಯಿದ್ದರೆ ಅದು ಇನ್ನೂ ಜೋರಾಗುತ್ತದೆ.

ಹಾಗಾದರೆ ತೋರಿಸುವುದು ಯಾರಿಗೆ? ಮೂಳೆ ಡಾಕ್ಟರಿಗೋ, ನರದವರಿಗೋ, ಮನೋವೈದ್ಯರಿಗೋ?

ಜಾನ್ ಬೊನಿಕಾ ಅವರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಕುಸ್ತಿ ಆಡಿ ಸಂಪಾದಿಸಿದ ದುಡ್ಡಲ್ಲಿ ವೈದ್ಯಕೀಯ ಓದಿದವರು ಅವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇನಾ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯರಾಗಿದ್ದರು. ಗಾಯ ಮಾಗಿದರೂ ನೋವು ಬಿಡದ ಸೈನಿಕರನ್ನು ಅಲ್ಲಿ ಕಂಡರು. ಬೇರೆ ಬೇರೆ ವಿಭಾಗದ ವೈದ್ಯರನ್ನು ಒಂದೆಡೆ ಕೂರಿಸಿ, ಒಬ್ಬೊಬ್ಬ ರೋಗಿಯ ಬಗ್ಗೆಯೂ ಚರ್ಚಿಸತೊಡಗಿದರು. ಯುದ್ಧ ಮುಗಿದ ಮೇಲೆ ಟಕೋಮಾ ಊರಿನಲ್ಲಿ, ಆಮೇಲೆ ಸಿಯಾಟಲ್‌ನ ವಿಶ್ವವಿದ್ಯಾಲಯದಲ್ಲಿ ಇದೇ ಕ್ರಮದ ಪೇನ್ ಕ್ಲಿನಿಕ್ ಕಟ್ಟಿದರು. ಕುಸ್ತಿಯಲ್ಲಿ ತಿಂದ ಪೆಟ್ಟುಗಳಿಂದ ಅವರೂ ಜೀವನವಿಡೀ ನೋವು ಉಂಡವರೇ.

ಸಿಯಾಟಲ್‌ನಲ್ಲಿ ಅವರ ಜೊತೆಗಿದ್ದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಒಂದು ವಿಷಯ ಗಮನಿಸಿದರು. ರೋಗಿ ನೋವು ಬರುವ ತನಕ ನಡೆಯುತ್ತಾನೆ, ಬಂದ ಕೂಡಲೇ ಮಲಗುತ್ತಾನೆ. ಮಲಗಿದರೆ ಹಾಯೆನಿಸುತ್ತದೆ. ಮಾರನೇ ದಿನ ಇನ್ನೂ ಬೇಗ ಮಲಗುತ್ತಾನೆ. ದಿನ ಕಳೆದಂತೆ ನಡಿಗೆ ಕಮ್ಮಿಯಾಗುತ್ತದೆ, ಸ್ನಾಯು ಸೊರಗುತ್ತದೆ, ನೋವು ಹೆಚ್ಚುತ್ತದೆ. ಫೋರ್ಡೈಸ್ ಲೆಕ್ಕವನ್ನೇ ಬದಲಿಸಿದರು. ಹತ್ತು ನಿಮಿಷ ನಡೆದರೆ ನೋವು ಬರುತ್ತದಾ? ಹಾಗಾದರೆ ಏಳೇ ನಿಮಿಷ ನಡೆಯಿರಿ, ನೋವು ಬರುವ ಮೊದಲೇ ಕೂತುಬಿಡಿ. ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ. ಮಾತ್ರೆಯೂ ಅಷ್ಟೇ, ನೋವು ಬಂದಾಗ ಅಲ್ಲ, ಗಡಿಯಾರ ನೋಡಿ. ಇಷ್ಟು ಸರಳವಾದದ್ದು ಎಷ್ಟೋ ರೋಗಿಗಳ ಕಿವಿಗೇ ಬೀಳುವುದಿಲ್ಲ ಎನ್ನುವುದು ನನಗೆ ಬೇಸರದ ಸಂಗತಿ.

ಆದರೆ ಇದೇ ಉಪಾಯ ಎಲ್ಲರಿಗೂ ಆಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟು ಪಾದ ಉರಿಯುವವರಿಗೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಅವರಿಗೆ ಅಮಿಟ್ರಿಪ್ಟಿಲಿನ್ ಬರೆದುಕೊಡುವುದುಂಟು. ಅದು ಮೂಲತಃ ಖಿನ್ನತೆಯ ಔಷಧಿ. ಗೂಗಲ್‌ನಲ್ಲಿ ನೋಡಿ, ‘ನನಗೇನು ತಲೆ ಕೆಟ್ಟಿದೆಯಾ’ ಎಂದು ಮಾತ್ರೆ ಬಿಟ್ಟವರು ಎಷ್ಟು ಜನವೋ! ನರಗಳ ನೋವಿನ ಮೇಲೂ ಅದು ಕೆಲಸ ಮಾಡುತ್ತದೆ ಎಂದು ಎರಡು ನಿಮಿಷ ಕೂರಿಸಿ ಹೇಳುವುದೂ ಚಿಕಿತ್ಸೆಯೇ ಅಲ್ವಾ? ರೋಗಿಗೆ ಏನು ಮುಖ್ಯ ಎಂದೂ ಕೇಳಬೇಕು. ಒಬ್ಬರಿಗೆ ನೆಲದ ಮೇಲೆ ಕೂತು ಊಟ ಮಾಡಬೇಕು, ಇನ್ನೊಬ್ಬರಿಗೆ ಬಸ್ಸಿನಲ್ಲಿ ನಿಂತು ಕೆಲಸಕ್ಕೆ ಹೋಗಬೇಕು. ಫಿಸಿಯೋಥೆರಪಿಯವರು ಹೇಳಿಕೊಡುವ ವ್ಯಾಯಾಮ ಅದಕ್ಕೆ ತಕ್ಕಂತೆ ಬೇರೆಯಾಗುತ್ತದೆ.

ಇಂಥ ತಂಡಗಳ ಕ್ಲಿನಿಕ್‌ಗಳು ಅಮೆರಿಕದಲ್ಲಿ ಒಂದು ಕಾಲಕ್ಕೆ ತುಂಬಾ ಇದ್ದವು. 1990ರ ದಶಕದ ಕೊನೆಯಿಂದೀಚೆಗೆ ಬಹಳಷ್ಟು ಮುಚ್ಚಿದವು. ಅವು ಫಲ ಕೊಡಲಿಲ್ಲ ಅಂತಲ್ಲ. ವಿಮಾ ಕಂಪನಿಗಳು ಇಡೀ ತಂಡದ ಚಿಕಿತ್ಸೆಗೆ ಹಣ ಕೊಡಲು ಹಿಂದೇಟು ಹಾಕಿದವು. ಬಿಡಿ ಬಿಡಿಯಾಗಿ ಮಾತ್ರೆ, ಇಂಜೆಕ್ಷನ್, ಆಪರೇಷನ್‌ಗೆ ಹಣ ಸಿಗುತ್ತಲೇ ಇತ್ತು. ಅದೇ ವರ್ಷಗಳಲ್ಲಿ ಅಲ್ಲಿ ಅಫೀಮು ಜಾತಿಯ ನೋವಿನ ಮಾತ್ರೆಗಳ ಚಟ ಹಬ್ಬಿತು.