ಮಿಶ್ರ ಮೀನು ಸಾಕಣೆ ಅಂದರೆ ಏನು?

ಹೊಂಡ ತೋಡಿಸಿ ನೀರು ತುಂಬಿಸಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ, ಯಾವ ಮೀನು ಬಿಡೋದು? 'ಮಿಶ್ರ ಸಾಕಣೆ ಮಾಡಿ' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು ಕೇಳಿ ಸಿಕ್ಕ ಸಿಕ್ಕ ಮರಿಗಳನ್ನೆಲ್ಲ ತಂದು ಸುರಿಯುವವರೇ ಜಾಸ್ತಿ.

ಮಿಶ್ರ ಸಾಕಣೆ ಅಂದರೆ ಒಂದೇ ನೀರಿನಲ್ಲಿದ್ದರೂ ಬೇರೆ ಬೇರೆ ಆಳದಲ್ಲಿ ಓಡಾಡುವ, ಬೇರೆ ಬೇರೆ ಆಹಾರ ತಿನ್ನುವ, ಒಂದರ ತುತ್ತಿಗೆ ಇನ್ನೊಂದು ಬಾಯಿ ಹಾಕದ ಮೀನುಗಳನ್ನು ಜೊತೆಗೆ ಬೆಳೆಸುವುದು. ಎಷ್ಟು ಜಾತಿ ಅನ್ನೋದು ಆಮೇಲಿನ ಮಾತು.

ಯಾವುದು ಎಲ್ಲಿ ತಿನ್ನುತ್ತದೆ ಅಂತ ತಿಳಿಯಲು ಬಾಯಿ ನೋಡಿದರೆ ಸಾಕು. ಕಾಟ್ಲಾ ಮರಿಯನ್ನು ಅಂಗೈಯಲ್ಲಿ ಹಿಡಿದು ನೋಡಿ. ತಲೆ ದಪ್ಪ, ಕೆಳದವಡೆ ಮುಂದಕ್ಕೆ ಚಾಚಿರುತ್ತದೆ, ಬಾಯಿ ಮೇಲ್ಮುಖವಾಗಿ ತೆರೆಯುತ್ತದೆ. ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳೇ ಅದರ ಊಟ. ರೋಹುವಿನ ಬಾಯಿ ಸ್ವಲ್ಪ ಕೆಳಗೆ, ತುಟಿಯ ಅಂಚು ಸಣ್ಣ ಝಾಲರಿಯ ಹಾಗೆ, ಅದು ನಡುನೀರಿನದು. ಮೃಗಾಲ್ ತಳದಲ್ಲಿ ಕೊಳೆತ ಎಲೆ, ಕೆಸರಿನಲ್ಲಿ ಸಿಕ್ಕಿದ್ದನ್ನು ತಿಂದುಕೊಂಡಿರುತ್ತದೆ. ಈ ಮೂರನ್ನು ಸಾಮಾನ್ಯವಾಗಿ 4:3:3ರ ಪ್ರಮಾಣದಲ್ಲಿ ಬಿಡುತ್ತಾರೆ. ಮೊದಲ ಸಲ ಸಾಕುವವರಿಗೆ ಇಷ್ಟೇ ಸಾಕು ಅನ್ನೋದು ನನ್ನ ಅಭಿಪ್ರಾಯ.

ನಾಲ್ಕನೆಯದನ್ನು ಸೇರಿಸಲು ಹೊರಟಾಗಲೇ ಲೆಕ್ಕ ತಪ್ಪೋದು. ಬೆಳ್ಳಿಗೆಂಡೆ ಬೇಗ ಬೆಳೆಯುತ್ತದೆ ನಿಜ, ಆದರೆ ಅದೂ ಮೇಲ್ಪದರದ್ದೇ, ಕಿವಿರಿನಲ್ಲೇ ನೀರು ಸೋಸಿ ತಿನ್ನುತ್ತದೆ, ಹಾಗಾಗಿ ಅದನ್ನೂ ಹೊಂಡಕ್ಕೆ ಬಿಟ್ಟರೆ ಕಾಟ್ಲಾ ಬೆಳವಣಿಗೆ ಕುಂಠಿತವಾಗುತ್ತದೆ. ಬಿಡಲೇಬೇಕು ಅಂದರೆ ಕಾಟ್ಲಾ ಕಡಿಮೆ ಮಾಡಿ. ಸಾಮಾನ್ಯ ಗೆಂಡೆಗೂ ಮೃಗಾಲ್‌ಗೂ ತಳದಲ್ಲಿ ಇದೇ ಜಗಳ. ಜೊತೆಗೆ ಗೆಂಡೆ ಆಹಾರ ಹುಡುಕುತ್ತಾ ಕೆಸರು ಕೆದಕಿ ನೀರು ಕದಡುತ್ತದೆ, ಮಣ್ಣಿನ ಬದುವನ್ನೂ ಕೊರೆಯುತ್ತದೆ. ಆದರೆ ಚಳಿ ತಡೆಯುವುದರಲ್ಲಿ ಅದು ಗಟ್ಟಿ, ತಂಪು ಜಾಗಕ್ಕೆ ಅದೇ ವಾಸಿ.

ಹುಲ್ಲುಗೆಂಡೆಯ ಕಥೆ ಬೇರೆ. ಹೊಂಡದಲ್ಲಿ ಜೊಂಡು, ನೀರುಗಿಡ ಬೆಳೆದಿದ್ದರೆ ಅದನ್ನು ಮೇಯುತ್ತದೆ. ತಿಂದದ್ದರಲ್ಲಿ ಸುಮಾರು ಪಾಲು ಅರೆಬರೆ ಜೀರ್ಣವಾಗಿಯೇ ಹೊರಬೀಳುತ್ತದೆ, ಅದು ನೀರಿಗೆ ಗೊಬ್ಬರ, ಅದರಿಂದ ಬೇರೆ ಮೀನುಗಳಿಗೆ ಆಹಾರ. ಗಿಡವೇ ಇಲ್ಲದಿದ್ದರೆ ನೀವೇ ಹುಲ್ಲು ಕೊಯ್ದು ಹಾಕಬೇಕು, ಸುಮ್ನೆ ಬಿಟ್ಟು ಪ್ರಯೋಜನವಿಲ್ಲ.

ಮರಿ ಹಾಕುತ್ತದಾ ಅನ್ನೋದನ್ನೂ ನೋಡಬೇಕು. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ತಾವಾಗಿಯೇ ಮೊಟ್ಟೆ ಇಡುವುದಿಲ್ಲ, ಅವಕ್ಕೆ ಮಳೆಗಾಲದಲ್ಲಿ ಹರಿಯುವ ನದಿನೀರು ಬೇಕು. ಅಂದರೆ ನೀವು ಬಿಟ್ಟಷ್ಟೇ ಲೆಕ್ಕ. ತಿಲಾಪಿಯಾ ಹಾಗಲ್ಲ, ಕೆಲವೇ ತಿಂಗಳಲ್ಲಿ ಸಂಸಾರ ಶುರು ಮಾಡಿ ಹೊಂಡವನ್ನು ಬೆರಳುದ್ದದ ಮೀನುಗಳಿಂದ ತುಂಬಿಸಿಬಿಡುತ್ತದೆ, ಯಾವುದೂ ದಪ್ಪ ಆಗಲ್ಲ. ಅದೇ ಬೇಕು ಅಂದರೆ ಗಂಡು ಮರಿಗಳನ್ನೇ ತನ್ನಿ. ಕೊರವ, ಬಾಳೆಯಂಥ ಬೇಟೆ ಮೀನುಗಳು ಈ ಗುಂಪಿಗೆ ಸೇರಲೇಬಾರದು, ಮೊದಲೇ ಇದ್ದರೆ ನೀರು ಖಾಲಿ ಮಾಡಿಯಾದರೂ ತೆಗೆಯಿರಿ.

ಒಂದೂವರೆಯಿಂದ ಎರಡು ಮೀಟರ್ ಆಳ ನೀರಿದ್ದು ಮೇವು ಹಾಕಿ ಸಾಕುವುದಾದರೆ, ಎರಡು ಚದರ ಮೀಟರಿಗೆ ಒಂದು ಮರಿ, ಅಂದರೆ ಎಕರೆಗೆ ಸುಮಾರು 2000. ಜಾಸ್ತಿ ತುಂಬಿದರೆ ಮೀನು ಸಣಕಲಾಗುತ್ತದೆ, ಬೆಳಗಿನ ಜಾವ ಆಮ್ಲಜನಕ ಸಾಲದೆ ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ.

ಮರಿ ತರುವ ಮುಂಚೆ ಮೊಣಕೈವರೆಗೆ ಕೈಯನ್ನು ನೀರಿಗಿಳಿಸಿ. ಅಂಗೈ ಹಸಿರು ನೀರಿನಲ್ಲಿ ಮರೆಯಾದರೆ ಊಟ ತಯಾರಿದೆ ಅಂತ. ಕೆಸರಿನಿಂದ ಮರೆಯಾದರೆ ಅದು ಲೆಕ್ಕಕ್ಕಿಲ್ಲ. ಬೆರಳುಗಳು ಸ್ಪಷ್ಟವಾಗಿ ಕಂಡರೆ ಕೊಳೆತ ಸಗಣಿ ಗೊಬ್ಬರ ಹಾಕಿ, ನೀರು ಹಸಿರಾಗುವವರೆಗೆ ಕಾಯಿರಿ.