ಹಲ್ಲಿಯ ವಯಸ್ಸು ಸ್ಕೇಲಿಗೆ ಗೊತ್ತಿರುವುದಿಲ್ಲ

ಹಲ್ಲಿಗಳ ರಾತ್ರಿ ಸರ್ವೆಗೆ ಹೊಸದಾಗಿ ಬಂದವರು ಮೊದಲ ಗೆಕ್ಕೊ ಹಲ್ಲಿ ಕೈಗೆ ಸಿಕ್ಕ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಎಷ್ಟು ವಯಸ್ಸು? ಮರಿಯಾದರೆ ಧೈರ್ಯವಾಗಿ ಹೇಳುತ್ತೇನೆ. ಹೊಟ್ಟೆಯಡಿ ಹೊಕ್ಕುಳ ಗುರುತು ಇನ್ನೂ ಕಾಣುತ್ತಿದ್ದರೆ ಅದು ಹುಟ್ಟಿ ಜಾಸ್ತಿ ದಿನ ಆಗಿಲ್ಲ. ಬಲಿತ ಹಲ್ಲಿಯಾದರೆ 'ದೊಡ್ಡದು' ಅಂತ ಹೇಳಿ ಸುಮ್ಮನಾಗುತ್ತೇನೆ.

ನಾವು ಅಳೆಯುವುದು ಮೂತಿಯ ತುದಿಯಿಂದ ಮಲದ್ವಾರದವರೆಗೆ ಮಾತ್ರ. ಬಾಲ ಲೆಕ್ಕಕ್ಕಿಲ್ಲ, ಅದನ್ನು ನಂಬುವ ಹಾಗಿಲ್ಲ. ಟಾರ್ಚ್ ಬೆಳಕಿನಲ್ಲಿ ಹತ್ತಿರ ಹಿಡಿದು ನೋಡಿ, ಎಷ್ಟೋ ಹಲ್ಲಿಗಳಲ್ಲಿ ಬೆನ್ನಿನಿಂದ ಬಂದ ಪಟ್ಟೆ ಬಾಲದ ಒಂದು ಕಡೆ ಥಟ್ಟನೆ ನಿಂತುಹೋಗಿರುತ್ತದೆ, ಅಲ್ಲಿಂದ ಮುಂದೆ ಬಣ್ಣವೇ ಬೇರೆ. ಅದು ಕಳಚಿ ಮತ್ತೆ ಬೆಳೆದ ಬಾಲ, ಒಳಗೆ ಬೆನ್ನುಮೂಳೆಯ ಬದಲು ಮೃದು ಎಲುಬಿನ ಕೊಳವೆ ಇರುತ್ತದೆ.

ಅಳತೆಯೂ ಅಷ್ಟು ಸುಲಭ ಅಲ್ಲ. ನನ್ನ ಹಳೇ ನೋಟ್‌ಬುಕ್‌ನಲ್ಲಿ ಒಂದು ಹಲ್ಲಿ ಎರಡು ತಿಂಗಳಲ್ಲಿ 1 ಮಿ.ಮೀ. ಕುಗ್ಗಿದೆ! ಕುಗ್ಗಿದ್ದೇನೂ ಇಲ್ಲ, ಮೊದಲ ಸಲ ನಾನು ಅಳೆದಿದ್ದೆ, ಎರಡನೇ ಸಲ ಜೊತೆಗಾರ, ಅವನ ಕೈಯಲ್ಲಿ ಅದು ಮೈ ಬಾಗಿಸಿಕೊಂಡಿತ್ತು. ಬಲಿತ ಮೇಲೆ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆಯುವ ಪ್ರಾಣಿಯಲ್ಲಿ ಇಂಥ ತಪ್ಪು ಪೂರ್ತಿ ಬೆಳವಣಿಗೆಯನ್ನೇ ನುಂಗಿಬಿಡುತ್ತದೆ. ಈಗ ಒಬ್ಬರೇ ಮೂರು ಸಲ ಅಳೆದು ಸರಾಸರಿ ಬರೆಯುತ್ತೇವೆ.

ಗುರುತು ಹಾಕಿ ಬಿಟ್ಟು, ಮತ್ತೆ ಸಿಕ್ಕಾಗ ಎಷ್ಟು ಬೆಳೆದಿದೆ ಅಂತ ನೋಡಿ ವಯಸ್ಸಿಗೆ ಎಷ್ಟು ಉದ್ದ ಅನ್ನುವ ರೇಖೆ ಎಳೆಯುವುದು ವಾಡಿಕೆ, ಅದಕ್ಕೆ ಹೆಚ್ಚಿನವರು ಬಳಸುವುದು ಫಾನ್ ಬರ್ಟಲನ್ಫಿ ಅನ್ನುವ ಬೆಳವಣಿಗೆಯ ಸಮೀಕರಣ. ಮರಿಯಲ್ಲಿ ರೇಖೆ ಕಡಿದಾಗಿ ಏರುತ್ತದೆ, ಬಲಿತ ಮೇಲೆ ಹೆಚ್ಚುಕಡಿಮೆ ಮಲಗಿಬಿಡುತ್ತದೆ. ತೊಂದರೆ ಇರುವುದು ಅಲ್ಲೇ. ಮಲಗಿದ ಭಾಗದಲ್ಲಿ ಒಂದೇ ಉದ್ದಕ್ಕೆ ಐದು ವರ್ಷವೂ ಹೊಂದುತ್ತದೆ, ಇಪ್ಪತ್ತೈದೂ ಹೊಂದುತ್ತದೆ.

ಹಾಗಾದರೆ ಮರದ ಉಂಗುರದ ಹಾಗೆ ಎಲುಬು ನೋಡಬಹುದಲ್ವಾ? ಬೆರಳಿನ ಎಲುಬನ್ನು ತೆಳುವಾಗಿ ಕತ್ತರಿಸಿ ಬಣ್ಣ ಹಾಕಿದರೆ ಬೆಳವಣಿಗೆ ನಿಂತ ಕಾಲದ ಗೆರೆಗಳು ಕಾಣುತ್ತವೆ, ನಿಜ. ಆದರೆ ಚಳಿ ಅಥವಾ ಒಣ ಹವೆ ಪ್ರತಿವರ್ಷ ಬೆಳವಣಿಗೆ ನಿಲ್ಲಿಸುವ ಕಡೆ ಮಾತ್ರ ಅದು ಚೆನ್ನಾಗಿ ಓದಲು ಬರುತ್ತದೆ. ಮೇಲಾಗಿ ವಯಸ್ಸಾದಂತೆ ಎಲುಬು ಒಳಗಿನಿಂದ ಕರಗಿ ಹಳೇ ಗೆರೆಗಳೇ ಅಳಿಸಿಹೋಗುತ್ತವೆ. ಗೋಡೆ ಹತ್ತುವ ಹಲ್ಲಿಗೆ ಬೆರಳೇ ಬಂಡವಾಳ, ಸುಮ್ನೆ ಕತ್ತರಿಸುವುದು ನನಗಂತೂ ಇಷ್ಟ ಇಲ್ಲ. ಬೆನ್ನಿನ ಮಚ್ಚೆಗಳ ಫೋಟೋ ಹಿಡಿದು ಗುರುತಿಸುವುದು ಎಷ್ಟೋ ಮೇಲು.

ನಂಬಬಹುದಾದ ದಾರಿ ಅಂದರೆ ಕಾಯುವುದು. ನ್ಯೂಜಿಲೆಂಡ್‌ನ ಮೋಟುನೌ ದ್ವೀಪದಲ್ಲಿ ಹಲ್ಲಿ ತಜ್ಞ ಟೋನಿ ವಿಟೇಕರ್ 1960ರ ದಶಕದಲ್ಲಿ ಹಲ್ಲಿಗಳಿಗೆ ಗುರುತು ಹಾಕಲು ಶುರು ಮಾಡಿದರು. ಅವುಗಳಲ್ಲಿ ಎರಡು ಇತ್ತೀಚೆಗೆ ಮತ್ತೆ ಕೈಗೆ ಸಿಕ್ಕವು. ಒಂದಕ್ಕೆ ಕನಿಷ್ಠ 64 ವರ್ಷ, ಇನ್ನೊಂದಕ್ಕೆ ಕನಿಷ್ಠ 60. ಈ 'ಕನಿಷ್ಠ' ಅನ್ನುವ ಪದ ಬಿಡಬೇಡಿ. ಬಲಿತ ಹಲ್ಲಿಗೆ ಗುರುತು ಹಾಕಿದ ದಿನ ಅದು ಆಗಲೇ ಎಷ್ಟು ವರ್ಷ ಬದುಕಿತ್ತು ಅನ್ನುವುದು ಅಂದಾಜೇ. ನನ್ನ ಡೇಟಾ ಶೀಟಿನಲ್ಲೂ 'ವಯಸ್ಸು' ಅನ್ನುವ ಕಾಲಂ ತೆಗೆದು 'ಮೊದಲು ಸಿಕ್ಕ ದಿನ' ಅಂತ ಮಾಡಿದ್ದೇನೆ.